ದಡಕ್ಕೆ ಬರುವ ಆಳದ ಮೀನು

ಉತ್ತರ ಅಮೆರಿಕದ ಶೀತಲ ಸರೋವರಗಳಲ್ಲಿ ಲೇಕ್ ಟ್ರೌಟ್ ಎಂಬ ಮೀನೊಂದುಂಟು. ಬೇಸಗೆ ಬಂದಿತೆಂದರೆ ಅದು ೧೫ ಮೀಟರು, ೩೦ ಮೀಟರು, ದೊಡ್ಡ ಸರೋವರಗಳಲ್ಲಿ ಇನ್ನೂ ಹೆಚ್ಚು ಆಳಕ್ಕೆ ಇಳಿದು, ಬೆಳಕು ಮಸುಕಾದ ತಣ್ಣೀರಿನಲ್ಲಿ ವಾಸಮಾಡುತ್ತದೆ. ಆ ಕಾಲದಲ್ಲಿ ಅದನ್ನು ಹಿಡಿಯಬೇಕೆನ್ನುವವನಿಗೆ ದೋಣಿ ಬೇಕು, ಭಾರವಾದ ಗುಂಡು ಬೇಕು, ಆ ಆಳಕ್ಕೆ ಇಳಿಬಿಡುವಷ್ಟು ಉದ್ದನೆಯ ದಾರ ಬೇಕು. ಹೀಗಿದ್ದರೂ ವರ್ಷದ ಕೆಲವೇ ವಾರಗಳಲ್ಲಿ, ದೋಣಿಯ ಮುಖವನ್ನೇ ಕಾಣದ ಹುಡುಗನೊಬ್ಬನು ದಡದ ಬಂಡೆಯ ಮೇಲೆ ಕುಳಿತು, ಗಾಳಕ್ಕೆ ಸತ್ತ ಕಿರುಮೀನೊಂದನ್ನು ಸಿಕ್ಕಿಸಿ ಎಸೆದು, ಇದೇ ಮೀನನ್ನು ಹಿಡಿಯಬಲ್ಲನು. ಆಳದ ಮೀನು ಆಳುದ್ದದ ನೀರಿಗೆ ಏಕೆ ಬರುತ್ತದೆ? ಬಂದಾಗ ಅದು ಸತ್ತ ಎರೆಗೆ ಏಕೆ ಬಾಯಿಹಾಕುತ್ತದೆ? ಇವೆರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ, ಗಾಳ ಹಾಕುವ ಕಲೆಯ ಒಂದೊಂದು ಕಟ್ಟಳೆಯ ಹಿಂದೆಯೂ ಭೌತಶಾಸ್ತ್ರದ ಇಲ್ಲವೆ ಜೀವಶಾಸ್ತ್ರದ ಒಂದು ನಿಯಮ ಅಡಗಿರುವುದು ಕಂಡುಬರುತ್ತದೆ.

ಮೊದಲು ಮೀನಿನ ಪರಿಚಯ. ಹೆಸರಿನಲ್ಲಿ ಟ್ರೌಟ್ ಎಂದಿದ್ದರೂ ಇದು ನಿಜವಾದ ಟ್ರೌಟ್ ಅಲ್ಲ. ಅದರ ದಾಯಾದಿಗಳಾದ ‘ಚಾರ್’ ಮೀನುಗಳ ಪಂಗಡಕ್ಕೆ ಸೇರಿದುದು. ಟ್ರೌಟಿನ ತಿಳಿಬಣ್ಣದ ಮೈಮೇಲೆ ಕಪ್ಪು ಚುಕ್ಕೆಗಳಿರುತ್ತವೆ. ಚಾರ್ ಮೀನಿನ ಕಪ್ಪುಮಿಶ್ರಿತ ಮೈಮೇಲೆ ತಿಳಿ ಚುಕ್ಕೆಗಳಿರುತ್ತವೆ. ಲೇಕ್ ಟ್ರೌಟಿನ ಬಾಲ ಆಳವಾಗಿ ಕವಲೊಡೆದಿರುವುದರಿಂದ ಅದನ್ನು ಗುರುತಿಸುವುದು ಕಷ್ಟವಲ್ಲ. ಪ್ರಾಣಿಶಾಸ್ತ್ರಜ್ಞರು ಇದನ್ನು ‘ಸಾಲ್ವೆಲೈನಸ್ ನಮೇಕುಶ್’ ಎಂದು ಕರೆಯುತ್ತಾರೆ. ಈ ಹೆಸರಿನ ಎರಡನೆಯ ಪದವು ಆ ನಾಡಿನ ಮೂಲನಿವಾಸಿಗಳ ಭಾಷೆಯಿಂದ ಬಂದುದು. ಕೆನಡಾ, ಅಲಾಸ್ಕಾ, ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗ ಮತ್ತು ಮಹಾಸರೋವರಗಳು ಇದರ ತವರು. ಗ್ರೇಟ್ ಬೇರ್ ಸರೋವರದಲ್ಲಿ ೧೯೯೫ರಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು ಸುಮಾರು ೩೨.೭ ಕಿಲೋಗ್ರಾಂ ತೂಗಿತು. ೧೯೬೧ರಲ್ಲಿ ಅಥಬಾಸ್ಕಾ ಸರೋವರದಲ್ಲಿ ಬಲೆಗೆ ಬಿದ್ದುದೊಂದರ ತೂಕ ೪೬ ಕಿಲೋಗ್ರಾಮಿಗೂ ಮೇಲಿತ್ತು. ಆದರೆ ದಡದ ಗಾಳಗಾರನು ಇಂಥ ದೈತ್ಯರನ್ನು ಕನಸಿನಲ್ಲಿ ಕಾಣುವುದೇ ಲೇಸು. ಅವನಿಗೆ ಸಾಮಾನ್ಯವಾಗಿ ಸಿಗುವುದು ಒಂದೆರಡು ಕಿಲೋಗ್ರಾಂ ತೂಕದ ಮೀನು.

ಈಗ ಸರೋವರದ ಕಡೆಗೆ ತಿರುಗೋಣ. ಸಾಮಾನ್ಯವಾಗಿ ದ್ರವಗಳು ತಣಿದಷ್ಟೂ ಕುಗ್ಗಿ, ಅದೇ ಗಾತ್ರಕ್ಕೆ ಹೆಚ್ಚು ಭಾರವಾಗುತ್ತವೆ. ನೀರು ಸಹ ೪ ಡಿಗ್ರಿ ಸೆಂಟಿಗ್ರೇಡಿನವರೆಗೆ ಈ ನಿಯಮಕ್ಕೆ ತಲೆಬಾಗುತ್ತದೆ. ಅಲ್ಲಿಂದ ಕೆಳಗೆ ತಣಿದರೆ ಮಾತ್ರ ಅದು ಮತ್ತೆ ಹಿಗ್ಗಿ ಹಗುರವಾಗತೊಡಗುತ್ತದೆ. ಗಡ್ಡೆಗಟ್ಟಿದಾಗ ಇನ್ನಷ್ಟು ಹಗುರವಾಗಿ ತೇಲುತ್ತದೆ. ಆದುದರಿಂದ ಕೊರೆಯುವ ಚಳಿಗಾಲದಲ್ಲಿ ಸರೋವರದ ಮೇಲೆ ಮಂಜುಗಡ್ಡೆಯ ಮುಚ್ಚಳವಿರುತ್ತದೆ, ಅದರಡಿಯಲ್ಲಿ ಸೊನ್ನೆ ಡಿಗ್ರಿಗೆ ಸಮೀಪವಾದ ನೀರು, ತಳದಲ್ಲಿ ೪ ಡಿಗ್ರಿಯ ಭಾರವಾದ ನೀರು. ವಸಂತದಲ್ಲಿ ಮಂಜುಗಡ್ಡೆ ಕರಗಿ ಮೇಲ್ನೀರು ಬಿಸಿಲಿಗೆ ಕಾಯತೊಡಗಿದಾಗ ಅದು ಹಗುರವಾಗುವುದಿಲ್ಲ. ೪ ಡಿಗ್ರಿ ಮುಟ್ಟುವವರೆಗೆ ಭಾರವಾಗುತ್ತಲೇ ಹೋಗುತ್ತದೆ. ಕೊನೆಗೊಂದು ದಿನ ಮೇಲಿನಿಂದ ತಳದವರೆಗೆ ಇಡೀ ಸರೋವರದ ನೀರು ಒಂದೇ ಉಷ್ಣತೆಗೆ, ಒಂದೇ ಸಾಂದ್ರತೆಗೆ ಬರುತ್ತದೆ. ಆಗ ಮೇಲುಕೆಳಗುಗಳ ನಡುವೆ ತಡೆಯೇ ಇಲ್ಲ. ಬಲವಾದ ಗಾಳಿ ಬೀಸಿದರೆ ಸಾಕು, ಕಡಗೋಲು ಹಾಕಿದ ಮಜ್ಜಿಗೆಯಂತೆ ಸರೋವರವೆಲ್ಲ ಕದಡಿ, ಮೇಲಿನ ಆಮ್ಲಜನಕ ತಳಕ್ಕೆ ಇಳಿಯುತ್ತದೆ. ಇದನ್ನು ಸರೋವರದ ‘ಮಗುಚುವಿಕೆ’ ಎನ್ನುತ್ತಾರೆ. ನಮ್ಮ ನಾಡಿನ ಕೆರೆಗಳ ನೀರು ಎಂದೂ ಅಷ್ಟು ತಣಿಯುವುದಿಲ್ಲವಾದುದರಿಂದ ಈ ನಾಟಕ ನಮಗೆ ಅಪರಿಚಿತ.

ಬೇಸಗೆ ಬಲಿತಂತೆ ಈ ಸಮತೆ ಮುರಿಯುತ್ತದೆ. ಮೇಲ್ನೀರು ೨೦ ಡಿಗ್ರಿಯಷ್ಟು ಕಾಯ್ದು, ಹಗುರವಾಗಿ, ತಣ್ಣನೆಯ ತಳದ ನೀರಿನ ಮೇಲೆ ಎಣ್ಣೆಯಂತೆ ಕುಳಿತುಬಿಡುತ್ತದೆ. ಇವೆರಡರ ನಡುವೆ ಕೆಲವೇ ಮೀಟರುಗಳಲ್ಲಿ ಉಷ್ಣತೆ ಸರಕ್ಕನೆ ಇಳಿಯುವ ತೆಳುವಾದ ಪದರವೊಂದು ಏರ್ಪಡುತ್ತದೆ. ವಿಸ್ಕಾನ್ಸಿನ್ ರಾಜ್ಯದ ಮೆಂಡೋಟಾ ಸರೋವರವನ್ನು ವರ್ಷಾನುಗಟ್ಟಲೆ ಅಳೆದ ಎಡ್ವರ್ಡ್ ಬರ್ಜ್ ಎಂಬ ವಿಜ್ಞಾನಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ‘ಥರ್ಮೋಕ್ಲೈನ್’ ಎಂದು ಕರೆದನು. ಇದು ಕಣ್ಣಿಗೆ ಕಾಣದ ಗೋಡೆ. ಮೇಲಿನ ಬಿಸಿನೀರೂ ಕೆಳಗಿನ ತಣ್ಣೀರೂ ಶರತ್ಕಾಲದವರೆಗೆ ಒಂದರೊಡನೊಂದು ಬೆರೆಯವು. ಮೇಲ್ನೀರು ಮತ್ತೆ ತಣಿದಾಗ ಗೋಡೆ ಕುಸಿದು, ಸರೋವರ ಎರಡನೆಯ ಬಾರಿ ಮಗುಚುತ್ತದೆ.

ಲೇಕ್ ಟ್ರೌಟಿಗೆ ಹಿತವಾದ ಉಷ್ಣತೆ ೧೦ ಡಿಗ್ರಿಯ ಆಸುಪಾಸಿನದು. ಜೊತೆಗೆ ಅದಕ್ಕೆ ಧಾರಾಳವಾಗಿ ಆಮ್ಲಜನಕ ಬೇಕು. ಸೊನ್ನೆ ಡಿಗ್ರಿಯ ಒಂದು ಲೀಟರು ನೀರಿನಲ್ಲಿ ೧೪.೬ ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದು. ೨೦ ಡಿಗ್ರಿಯಲ್ಲಿ ಅದು ೯.೧ ಮಿಲಿಗ್ರಾಮಿಗೆ ಇಳಿಯುತ್ತದೆ. ಹೀಗಾಗಿ ಬೇಸಗೆಯ ಮೇಲ್ನೀರು ಈ ಮೀನಿಗೆ ಎರಡು ಬಗೆಯಲ್ಲಿ ಒಗ್ಗದು: ಮೈಯ ಬೇಡಿಕೆ ಹೆಚ್ಚುತ್ತದೆ, ನೀರಿನ ಪೂರೈಕೆ ಕುಗ್ಗುತ್ತದೆ. ಅದು ಅದೃಶ್ಯ ಗೋಡೆಯ ಕೆಳಗೆ ಸೆರೆಯಾಗುತ್ತದೆ. ಆಹಾರ ಹುಡುಕಿ ಬಿಸಿನೀರಿಗೆ ನುಗ್ಗಿದರೂ ಅದು ಉಸಿರು ಬಿಗಿಹಿಡಿದು ಮುಳುಗುವವನ ಓಟದಂತೆ ಅಲ್ಪಕಾಲದ್ದು. ಸೆರೆಮನೆಯಲ್ಲಿಯೂ ಸುಖವಿದ್ದೇ ತೀರಬೇಕೆಂದಿಲ್ಲ. ತಳದ ನೀರಿಗೆ ಬೇಸಗೆಯಿಡೀ ಹೊಸ ಆಮ್ಲಜನಕ ಬರುವುದಿಲ್ಲ. ದಡದ ಮನೆಗಳ ಕೊಳೆನೀರು ಸೇರಿದರೆ ಪಾಚಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುತ್ತ ಇದ್ದ ಆಮ್ಲಜನಕವನ್ನೂ ಕಬಳಿಸುತ್ತದೆ. ಇದಕ್ಕಾಗಿಯೇ ಕೆನಡಾದ ಒಂಟೇರಿಯೋ ಪ್ರಾಂತದಲ್ಲಿ, ಈ ಮೀನಿರುವ ಸರೋವರದ ತಳದ ನೀರಿನಲ್ಲಿ ಲೀಟರಿಗೆ ಸರಾಸರಿ ೭ ಮಿಲಿಗ್ರಾಂ ಆಮ್ಲಜನಕ ಉಳಿಯಬೇಕೆಂಬ ಅಳತೆಗೋಲನ್ನು ಮುಂದಿಟ್ಟುಕೊಂಡು ದಡದಲ್ಲಿ ಹೊಸ ಮನೆಗಳನ್ನು ಕಟ್ಟುವುದಕ್ಕೆ ಮಿತಿ ಹಾಕುತ್ತಾರೆ.

ವಸಂತದಲ್ಲಿ ಈ ಗೋಡೆಯಿಲ್ಲ. ಮೀನು ಎಲ್ಲಿ ಬೇಕಾದರೂ ಸಂಚರಿಸಬಹುದು. ಆಗ ಆಹಾರವಿರುವುದು ದಡದಲ್ಲಿ. ಕಪ್ಪು ಕೆಸರಿನ ಆಳವಿಲ್ಲದ ಕೊಲ್ಲಿಗಳು ಬಿಸಿಲನ್ನು ಬೇಗ ಹೀರಿ, ಸರೋವರದ ಉಳಿದ ಭಾಗಕ್ಕಿಂತ ನಾಲ್ಕಾರು ಡಿಗ್ರಿ ಬೆಚ್ಚಗಾಗುತ್ತವೆ; ಹುಳುಗಳು ಅಲ್ಲಿ ಏಳುತ್ತವೆ, ಕಿರುಮೀನುಗಳು ಅಲ್ಲಿ ನೆರೆಯುತ್ತವೆ. ಕೆಲವು ಸರೋವರಗಳಲ್ಲಿ ‘ಸ್ಮೆಲ್ಟ್’ ಎಂಬ ಬೆಳ್ಳಿಬಣ್ಣದ ಕಿರುಮೀನು ಮೊಟ್ಟೆಯಿಡಲು ಹೊಳೆಗಳ ಬಾಯಿಗೆ ದಂಡುಗಟ್ಟಿ ಬರುವುದೂ ಇದೇ ಕಾಲದಲ್ಲಿ. ಹಸಿದ ಲೇಕ್ ಟ್ರೌಟ್ ಇವುಗಳ ಬೆನ್ನುಹತ್ತಿ ಬರುತ್ತದೆ. ಶರತ್ಕಾಲದಲ್ಲಿ ಅದು ಮತ್ತೊಮ್ಮೆ ದಡಕ್ಕೆ ಬರುವುದುಂಟು. ಆದರೆ ಆಗ ಬರುವುದು ಹೊಟ್ಟೆಗಾಗಿ ಅಲ್ಲ, ಸಂತಾನಕ್ಕಾಗಿ. ಗಾಳಿಯಲೆಗಳು ತೊಳೆದು ಶುಚಿಯಾಗಿಟ್ಟ ಕಲ್ಲುಗುಂಡುಗಳ ದಿಬ್ಬದ ಮೇಲೆ, ರಾತ್ರಿಯ ವೇಳೆ, ಗೂಡು ತೋಡದೆಯೇ ಅದು ಮೊಟ್ಟೆಗಳನ್ನು ಚೆಲ್ಲುತ್ತದೆ. ಕಲ್ಲುಸಂದುಗಳಿಗೆ ಇಳಿದ ಮೊಟ್ಟೆಗಳು ಚಳಿಗಾಲವನ್ನೆಲ್ಲ ಅಲ್ಲೇ ಕಳೆದು ವಸಂತದಲ್ಲಿ ಒಡೆಯುತ್ತವೆ. ಈ ಕಾಲದಲ್ಲಿ ಅನೇಕ ಸರೋವರಗಳಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧವಿದೆ. ಆದುದರಿಂದ ದಡದ ಗಾಳಗಾರನ ನಿಜವಾದ ಹಂಗಾಮು, ಮಂಜುಗಡ್ಡೆ ಕರಗಿದ ಮೊದಲ ಮೂರು ನಾಲ್ಕು ವಾರಗಳು.

ಎಲ್ಲಿ ನಿಲ್ಲಬೇಕು? ದಡವೆಲ್ಲ ಒಂದೇ ಅಲ್ಲ. ಸರೋವರದೊಳಕ್ಕೆ ಚಾಚಿದ ಕಲ್ಲುಮೂಲೆಗಳು, ಆಳವಿಲ್ಲದ ಹಾಸಿನ ಅಂಚಿನಲ್ಲಿ ನೆಲ ತಟ್ಟನೆ ಜಾರುವ ಎಡೆಗಳು, ಹೊಳೆಯ ಬಾಯಿಗಳು, ಇವು ಅನುಭವಿಗಳು ಹುಡುಕುವ ಸ್ಥಳಗಳು. ಆಳ ಹತ್ತಿರದಲ್ಲಿದ್ದಷ್ಟೂ ಮೀನಿಗೆ ದಾರಿ ಚಿಕ್ಕದು, ಗಾಳಗಾರನಿಗೆ ಎಸೆತ ಚಿಕ್ಕದು. ಗಾಳಿಯನ್ನೂ ನೋಡಬೇಕು. ವಸಂತದಲ್ಲಿ ಕೆಲವು ದಿನ ಒಂದೇ ಕಡೆಗೆ ಗಾಳಿ ಬೀಸಿದರೆ ಮೇಲಿನ ತುಸು ಬೆಚ್ಚಗಿನ ನೀರು ಎದುರು ದಡಕ್ಕೆ ತಳ್ಳಲ್ಪಟ್ಟು, ಸೂಕ್ಷ್ಮಜೀವಿಗಳನ್ನೂ ಅವನ್ನು ತಿನ್ನುವ ಕಿರುಮೀನುಗಳನ್ನೂ ಅಲ್ಲಿಗೆ ಒಯ್ಯುತ್ತದೆ. ಮುಖಕ್ಕೆ ಹೊಡೆಯುವ ಗಾಳಿಯಲ್ಲಿ ನಿಲ್ಲುವುದು ಹಿತವಲ್ಲದಿದ್ದರೂ ಮೀನಿರುವುದು ಆ ದಡದಲ್ಲಿಯೇ. ಬೇಸಗೆಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ದಡದಿಂದ ಸರೋವರದತ್ತ ಬಲವಾದ ಗಾಳಿ ಬೀಸಿದರೆ ಬಿಸಿನೀರು ದೂರ ಸರಿದು, ಅದರ ಸ್ಥಾನಕ್ಕೆ ತಳದ ತಣ್ಣೀರು ಮೇಲೇರಿ ಬರುತ್ತದೆ. ಮಹಾಸರೋವರಗಳ ದಡದಲ್ಲಿ ಇಂಥ ದಿನಗಳಂದು, ನಡುಬೇಸಗೆಯಲ್ಲಿಯೂ, ಆಳದ ಮೀನು ಕೈಗೆಟುಕುವುದುಂಟು.

ಇನ್ನು ಎರೆಯ ಮಾತು. ನಮ್ಮಲ್ಲಿ ಗಾಳವೆಂದೊಡನೆ ಎರೆಹುಳು ನೆನಪಾಗುವುದು ಸಹಜ. ಲೇಕ್ ಟ್ರೌಟಿಗೂ ಎರೆಹುಳು ಬೇಡವೇನಲ್ಲ. ಆದರೂ ಗಾಳಗಾರರು ಮೆಚ್ಚುವುದು ಸತ್ತ ಮೀನನ್ನು: ಬೆರಳುದ್ದಕ್ಕಿಂತ ತುಸು ದೊಡ್ಡದಾದ ಸ್ಮೆಲ್ಟ್, ಸಿಸ್ಕೋ, ಅಥವಾ ಸಕರ್ ಎಂಬ ಮೀನಿನ ಒಂದು ತುಂಡು. ಬೇಟೆಗಾರ ಮೀನೊಂದು ಹೆಣವನ್ನು ಏಕೆ ತಿನ್ನಬೇಕು? ಮೀನು ಶೀತರಕ್ತದ ಪ್ರಾಣಿ. ಸುತ್ತಲಿನ ನೀರು ನಾಲ್ಕೈದು ಡಿಗ್ರಿಯಲ್ಲಿದ್ದಾಗ ಅದರ ಮೈಯ ವ್ಯಾಪಾರಗಳೆಲ್ಲ ನಿಧಾನವಾಗಿರುತ್ತವೆ. ಓಡುವ ಬೇಟೆಯನ್ನು ಅಟ್ಟಿ ಹಿಡಿಯುವುದಕ್ಕೆ ತಗಲುವ ಶಕ್ತಿಯನ್ನು ಲೆಕ್ಕಹಾಕಿದರೆ, ಚಳಿಗಾಲದಲ್ಲಿ ಸತ್ತು ತಳದಲ್ಲಿ ಬಿದ್ದಿರುವ ಕಿರುಮೀನು ಲಾಭದ ಊಟ. ಅದನ್ನು ಪತ್ತೆಹಚ್ಚಲು ಕಣ್ಣು ಬೇಕಾಗಿಲ್ಲ, ಮೂಗು ಸಾಕು. ಮೀನಿನ ಮೂಗಿನ ಹೊಳ್ಳೆಗಳಿಗೂ ಉಸಿರಾಟಕ್ಕೂ ಸಂಬಂಧವಿಲ್ಲ. ನೀರು ಮುಂದಿನ ರಂಧ್ರದಿಂದ ಹೊಕ್ಕು, ಘ್ರಾಣಕೋಶಗಳನ್ನು ಸವರಿ, ಹಿಂದಿನ ರಂಧ್ರದಿಂದ ಹೊರಬೀಳುತ್ತದೆ. ಮಾಂಸದಿಂದ ಕರಗಿ ಬರುವ ಅಮೈನೋ ಆಮ್ಲಗಳು ಅತ್ಯಲ್ಪವಾಗಿದ್ದರೂ ಅದು ಗುರುತಿಸುತ್ತದೆ. ಎರೆಯ ಮೀನಿನ ಮೈಯನ್ನು ಚೂರಿಯಿಂದ ಒಂದೆರಡು ಕಡೆ ಗೀರುವ ರೂಢಿಗೆ ಇದೇ ಕಾರಣ.

ಸಲಕರಣೆ ಸರಳವಾದುದು. ಎರಡು, ಎರಡೂವರೆ ಮೀಟರು ಉದ್ದದ ಬಾಗುವ ಕೋಲು, ದಾರ ಸುತ್ತುವ ರೀಲು, ನಾಲ್ಕೈದು ಕಿಲೋಗ್ರಾಂ ಭಾರ ತಡೆಯುವ ನೈಲಾನ್ ದಾರ. ಇಲ್ಲಿ ಜಾಣ್ಮೆ ಅಡಗಿರುವುದು ಗುಂಡನ್ನು ಪೋಣಿಸುವ ಬಗೆಯಲ್ಲಿ. ಗುಂಡನ್ನು ದಾರಕ್ಕೆ ಬಿಗಿಯಾಗಿ ಕಟ್ಟುವುದಿಲ್ಲ. ಅದರ ನಡುವೆ ತೂತಿರುತ್ತದೆ, ದಾರ ಅದರೊಳಗೆ ಸಲೀಸಾಗಿ ಹರಿಯುತ್ತದೆ. ಗುಂಡು ಕೊಕ್ಕೆಯವರೆಗೆ ಜಾರದಂತೆ ಅರ್ಧ ಮೀಟರು ಮೇಲೆ ಒಂದು ತಡೆಯಿರುತ್ತದೆ. ಮೀನು ಎರೆಯನ್ನು ಕಚ್ಚಿ ಹೊರಟಾಗ ದಾರ ಮಾತ್ರ ಸಾಗುತ್ತದೆ, ಗುಂಡು ಇದ್ದಲ್ಲಿಯೇ ಕುಳಿತಿರುತ್ತದೆ. ಬಾಯಿಗೆ ಭಾರ ತಾಕಿದರೆ ಮೀನು ಸಂಶಯಪಟ್ಟು ಎರೆಯನ್ನು ಉಗುಳಿಬಿಡುತ್ತದೆ. ಇದೇ ಕಾರಣದಿಂದ ರೀಲಿನ ಬಾಯನ್ನು ತೆರೆದಿಟ್ಟು, ದಾರ ತಡೆಯಿಲ್ಲದೆ ಬಿಚ್ಚಿಕೊಳ್ಳುವಂತೆ ಮಾಡಿ, ಕೋಲನ್ನು ಕವೆಗೋಲಿನ ಮೇಲೆ ಒರಗಿಸಿ ಕಾಯುತ್ತಾರೆ.

ಎರೆ ತಳದ ಕಲ್ಲುಸಂದಿಗೆ ಬಿದ್ದರೆ ವಾಸನೆಯೂ ಹರಡದು, ಕಣ್ಣಿಗೂ ಕಾಣದು. ಅದನ್ನು ತಳದಿಂದ ಒಂದೆರಡು ಗೇಣು ಮೇಲೆ ತೇಲಿಸಬೇಕು. ಅದಕ್ಕಾಗಿ ಕೆಲವರು ಸತ್ತ ಮೀನಿನ ಹೊಟ್ಟೆಗೆ ಪಿಚಕಾರಿಸೂಜಿಯಿಂದ ಗಾಳಿ ತುಂಬುತ್ತಾರೆ. ಕೆಲವರು ಬೆಂಡಿನ ಚೂರನ್ನು ಸಿಕ್ಕಿಸುತ್ತಾರೆ. ಇನ್ನು ಕೆಲವರು ಮಕ್ಕಳು ತಿನ್ನುವ ಮಾರ್ಷ್‌ಮೆಲೋ ಎಂಬ ಹತ್ತಿಯಂಥ ಮಿಠಾಯಿಯನ್ನು ಕೊಕ್ಕೆಗೆ ಚುಚ್ಚುತ್ತಾರೆ! ಮೀನಿಗೆ ಸಿಹಿಯ ಆಸೆಯೆಂದು ಇದನ್ನು ತಿಳಿಯಬೇಕಾಗಿಲ್ಲ. ಮಿಠಾಯಿಯೊಳಗಿನ ಗಾಳಿಗುಳ್ಳೆಗಳೇ ಇಲ್ಲಿ ಕೆಲಸ ಮಾಡುವುದು. ಆರ್ಕಿಮಿಡೀಸನ ತತ್ತ್ವವನ್ನು ಕಲಿಸಲು ಇದಕ್ಕಿಂತ ಅಗ್ಗದ ಉಪಕರಣ ಶಾಲೆಗಳಲ್ಲಿಯೂ ಇರಲಾರದು.

ಬೆಳಗಿನ ನಸುಕು, ಸಂಜೆಯ ಮಬ್ಬು, ಮೋಡ ಕವಿದ ಹಗಲು, ಇವು ಒಳ್ಳೆಯ ಹೊತ್ತು. ಮೀನು ಎರೆಯನ್ನು ಅಡ್ಡಲಾಗಿ ಕಚ್ಚಿ ತುಸುದೂರ ಓಡಿ, ನಿಂತು, ಅದನ್ನು ಬಾಯಲ್ಲಿ ತಿರುಗಿಸಿ ನುಂಗಿ, ಮತ್ತೆ ಹೊರಡುತ್ತದೆಂಬುದು ಗಾಳಗಾರರ ಅನುಭವ. ಎರಡನೆಯ ಓಟಕ್ಕೆ ಕಾದು ಕೋಲನ್ನು ಜಗ್ಗಿದರೆ ಮೀನು ತಪ್ಪದು ಎಂದು ಹಳಬರು ಹೇಳುತ್ತಿದ್ದರು. ಈ ಉಪದೇಶ ಕೆಟ್ಟದೆಂದೇ ನನ್ನ ಎಣಿಕೆ. ಅಷ್ಟು ಹೊತ್ತಿಗೆ ಕೊಕ್ಕೆ ಗಂಟಲನ್ನು ದಾಟಿರುತ್ತದೆ. ಕಿವಿರಿನ ಬಳಿಯೋ ಜಠರದಲ್ಲಿಯೋ ನೆಟ್ಟ ಕೊಕ್ಕೆಯಿಂದ ರಕ್ತ ಸುರಿದರೆ, ನೀರಿಗೆ ಮರಳಿ ಬಿಟ್ಟ ಮೀನು ಬದುಕುವುದು ವಿರಳ.

ಬಿಟ್ಟ ಮೀನು ಬದುಕುವುದು ಇಲ್ಲಿ ಬಹು ಮುಖ್ಯ. ಲೇಕ್ ಟ್ರೌಟ್ ನಿಧಾನದ ಜೀವಿ. ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಅದಕ್ಕೆ ಆರೇಳು ವರ್ಷ ಬೇಕು. ಉತ್ತರದ ಕೊರೆಯುವ ಸರೋವರಗಳಲ್ಲಿ ಹತ್ತು ವರ್ಷಗಳಿಗೂ ಮೇಲೆ. ಅಲ್ಲಿ ೫೦ ವರ್ಷ ಮೀರಿದ ಮೀನುಗಳು ಸಿಕ್ಕಿವೆ. ಕಿವಿಯೊಳಗಿನ ಪುಟ್ಟ ಸುಣ್ಣದ ಹರಳಿನಲ್ಲಿ ಮರದ ಕಾಂಡದಲ್ಲಿರುವಂಥ ವರ್ಷದ ಉಂಗುರಗಳನ್ನೆಣಿಸಿ ಈ ವಯಸ್ಸನ್ನು ಕಂಡುಹಿಡಿಯುತ್ತಾರೆ. ಒಂದು ದೊಡ್ಡ ಮೀನನ್ನು ದಡಕ್ಕೆಳೆದವನು ತನಗಿಂತ ಹಿರಿಯ ಪ್ರಾಣಿಯೊಂದನ್ನು ಕೈಯಲ್ಲಿ ಹಿಡಿದಿರುವ ಸಂಭವವುಂಟು. ಇದರಿಂದಲೇ ಇಂದು ಎರೆಯ ಗಾಳಕ್ಕೆ ‘ವೃತ್ತಕೊಕ್ಕೆ’ಯನ್ನು ಶಿಫಾರಸು ಮಾಡುತ್ತಾರೆ. ಇದರ ಮೊನೆ ಹೊರಗೆ ಚಾಚದೆ ಒಳಕ್ಕೆ, ಕೊಕ್ಕೆಯ ದಂಡಿನತ್ತ ಬಾಗಿರುತ್ತದೆ. ಮೀನು ನುಂಗಿದರೂ ಮೊನೆ ಗಂಟಲಿಗೆ ನೆಡುವುದು ಅಪೂರ್ವ. ದಾರ ಬಿಗಿಯಾದಂತೆ ಕೊಕ್ಕೆ ಹೊರಕ್ಕೆ ಜಾರಿ ಬಂದು ದವಡೆಯ ಮೂಲೆಯಲ್ಲಿ ತಿರುಗಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಕೋಲನ್ನು ಝಗ್ಗನೆ ಎಳೆಯಕೂಡದು. ದಾರವನ್ನು ಮೆಲ್ಲನೆ ಬಿಗಿಗೊಳಿಸಿದರಾಯಿತು. ಲೇಕ್ ಟ್ರೌಟಿಗೆ ಇನ್ನೊಂದು ಅನುಕೂಲವುಂಟು. ಆಳದಿಂದ ಮೇಲಕ್ಕೆಳೆದಾಗ ಒತ್ತಡ ಇಳಿದು ಮೀನಿನ ಗಾಳಿಚೀಲ ಉಬ್ಬುತ್ತದೆ. ಅನೇಕ ಮೀನುಗಳು ಇದರಿಂದ ಸಾಯುತ್ತವೆ. ಇದರಲ್ಲಿ ಮಾತ್ರ ಗಾಳಿಚೀಲದಿಂದ ಅನ್ನನಾಳಕ್ಕೆ ಒಂದು ಕೊಳವೆಯಿರುವುದರಿಂದ ಹೆಚ್ಚಾದ ಗಾಳಿಯನ್ನು ಅದು ತೇಗಿ ಹೊರಹಾಕುತ್ತದೆ. ನೀರಿನ ಮೇಲೆ ಗುಳ್ಳೆಗಳ ಸಾಲು ಎದ್ದರೆ ಮೀನು ಬರುತ್ತಿದೆಯೆಂದು ಗಾಳಗಾರನಿಗೆ ಮುನ್ಸೂಚನೆ.

ಗುಂಡು ಸಾಮಾನ್ಯವಾಗಿ ಸೀಸದ್ದು. ಲೂನ್ ಎಂಬ ನೀರುಹಕ್ಕಿಯು ಆಹಾರವನ್ನು ಅರೆಯಲು ಕಲ್ಲುಹರಳುಗಳನ್ನು ನುಂಗುವಾಗ ಕಳೆದುಹೋದ ಇಂಥ ಗುಂಡನ್ನೂ ನುಂಗಿ ವಿಷವೇರಿ ಸಾಯುತ್ತದೆ. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ ೫೦ ಗ್ರಾಮಿಗಿಂತ ಚಿಕ್ಕ ಸೀಸದ ಗುಂಡುಗಳನ್ನು ೧೯೯೭ರಲ್ಲಿ ನಿಷೇಧಿಸಲಾಯಿತು. ತವರದ ಗುಂಡು ತುಸು ದುಬಾರಿ, ಅಷ್ಟೆ.

ಇದಕ್ಕಿಂತ ದೊಡ್ಡ ಅಪಾಯ ಜೀವಂತ ಎರೆಯದು. ಬೇರೆ ನೀರಿನಿಂದ ತಂದ ಕಿರುಮೀನುಗಳನ್ನು ಸಂಜೆ ಮನೆಗೆ ಹೊರಡುವಾಗ, ಪುಣ್ಯ ಬರಲೆಂಬಂತೆ, ಬಕೆಟ್ಟಿನಿಂದ ಸರೋವರಕ್ಕೆ ಸುರಿದುಬಿಡುವವರುಂಟು. ಆ ಬಕೆಟ್ಟಿನಲ್ಲಿ ಹೊಸ ಜಾತಿಯೊಂದು ಬಂದರೆ ಅದನ್ನು ಮರಳಿ ತೆಗೆಯುವುದು ಬಹುಮಟ್ಟಿಗೆ ಅಸಾಧ್ಯ. ಹೀಗೆ ಹೊಸದಾಗಿ ಬಂದ ಮೀನು ಏನು ಮಾಡುತ್ತದೆಂಬುದನ್ನು ಕೆನಡಾದ ಸರೋವರಗಳಲ್ಲಿ ಅಳೆದ ಪರಿಶೋಧನೆಯೊಂದು ೧೯೯೯ರಲ್ಲಿ ಪ್ರಕಟವಾಯಿತು. ‘ಬ್ಯಾಸ್’ ಜಾತಿಯ ಮೀನುಗಳು ನೆಲೆಸಿದ ಸರೋವರಗಳಲ್ಲಿ ದಡದ ಕಿರುಮೀನುಗಳನ್ನೆಲ್ಲ ಅವೇ ತಿಂದುಹಾಕಿದ್ದವು. ಲೇಕ್ ಟ್ರೌಟ್ ತನ್ನ ವಸಂತದ ಭೋಜನಶಾಲೆಯನ್ನು ಕಳೆದುಕೊಂಡು, ನಡುನೀರಿನ ಸೂಕ್ಷ್ಮಜೀವಿಗಳ ಮೇಲೆ ಹೊಟ್ಟೆಹೊರೆಯಬೇಕಾಗಿತ್ತು. ಒಂಟೇರಿಯೋದ ಅಲ್ಗಾನ್ಕ್ವಿನ್ ಉದ್ಯಾನದಲ್ಲಿ ಜೀವಂತ ಎರೆಮೀನುಗಳನ್ನು ಒಯ್ಯುವುದೇ ಅಪರಾಧ. ಅಮೆರಿಕದ ಯೆಲ್ಲೋಸ್ಟೋನ್ ಸರೋವರದಲ್ಲಿ ಸ್ವತಃ ಲೇಕ್ ಟ್ರೌಟೇ ಇಂಥ ಅತಿಕ್ರಮಿ. ಅಲ್ಲಿ ಅದು ೧೯೯೪ರಲ್ಲಿ ಪತ್ತೆಯಾಯಿತು. ಸ್ಥಳೀಯ ‘ಕಟ್‌ತ್ರೋಟ್’ ಮೀನನ್ನು ಕಬಳಿಸಿ, ಅದನ್ನು ನಂಬಿದ್ದ ಕರಡಿ, ಡೇಗೆಗಳಿಗೂ ಬರ ತಂದಿತು. ಅಲ್ಲಿ ಸಿಕ್ಕಿದ ಲೇಕ್ ಟ್ರೌಟನ್ನು ಮರಳಿ ಬಿಡಕೂಡದು, ಕೊಲ್ಲಲೇಬೇಕೆಂಬುದು ನಿಯಮ.

ತನ್ನ ತವರಿನಲ್ಲಿಯೇ ಈ ಮೀನು ಅಳಿವಿನ ಅಂಚಿಗೆ ಹೋಗಿ ಬಂದುದೂ ಇಂಥದೇ ಒಂದು ಅತಿಕ್ರಮಣದಿಂದ. ನಯಾಗರಾ ಜಲಪಾತವನ್ನು ಬಳಸಿ ಹಡಗುಗಳಿಗಾಗಿ ತೋಡಿದ ವೆಲ್ಲಂಡ್ ಕಾಲುವೆಯ ದಾರಿಯಲ್ಲಿ, ಮೀನಿನ ಮೈಗೆ ಕಚ್ಚಿ ರಕ್ತ ಹೀರುವ ಲ್ಯಾಂಪ್ರೆ ಎಂಬ ಹಾವಿನಾಕಾರದ ಪ್ರಾಣಿಯು ಮೇಲಿನ ಮಹಾಸರೋವರಗಳಿಗೆ ಏರಿತು. ೧೯೩೮ರ ಹೊತ್ತಿಗೆ ಅದು ಸುಪೀರಿಯರ್ ಸರೋವರವನ್ನು ಮುಟ್ಟಿತ್ತು. ಅದಕ್ಕೆ ಮೊದಲು ಮೇಲಿನ ಸರೋವರಗಳಿಂದ ವರ್ಷಕ್ಕೆ ಸುಮಾರು ೬೮ ಲಕ್ಷ ಕಿಲೋಗ್ರಾಂ ಲೇಕ್ ಟ್ರೌಟ್ ದೊರೆಯುತ್ತಿತ್ತು. ೧೯೬೦ರ ದಶಕದ ಮೊದಲಿಗೆ ಅದು ಒಂದೂವರೆ ಲಕ್ಷ ಕಿಲೋಗ್ರಾಮಿಗೂ ಕೆಳಗಿಳಿಯಿತು. ಎರಡೂ ದೇಶಗಳು ಕೂಡಿ ೧೯೫೫ರಲ್ಲಿ ಮಹಾಸರೋವರ ಮೀನುಗಾರಿಕಾ ಆಯೋಗವನ್ನು ಸ್ಥಾಪಿಸಿದವು. ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿ, ಲ್ಯಾಂಪ್ರೆಯ ಮರಿಗಳನ್ನು ಕೊಂದು ಇತರ ಮೀನುಗಳನ್ನು ಬಹುಮಟ್ಟಿಗೆ ಉಳಿಸುವ ಒಂದನ್ನು ಆರಿಸಿ, ೧೯೫೮ರಿಂದ ಹೊಳೆಗಳಿಗೆ ಹಾಕತೊಡಗಿದರು. ಸುಪೀರಿಯರ್ ಸರೋವರದ ಬಹುಭಾಗದಲ್ಲಿ ಲೇಕ್ ಟ್ರೌಟಿನ ಸಂತತಿ ಪೂರ್ಣವಾಗಿ ಚೇತರಿಸಿಕೊಂಡಿತೆಂದು ಆಯೋಗವು ಸಾರಿದುದು ೨೦೨೪ರಲ್ಲಿ.

ಇದೀಗ ಬಂದಿರುವ ಕಷ್ಟಕ್ಕೆ ಅಂಥ ಮದ್ದಿಲ್ಲ. ಸುಪೀರಿಯರ್ ಸರೋವರದ ಬೇಸಗೆಯ ಮೇಲ್ನೀರು ೧೯೭೯ರಿಂದ ೨೦೦೬ರೊಳಗೆ ಸುಮಾರು ಎರಡೂವರೆ ಡಿಗ್ರಿ ಬೆಚ್ಚಗಾಯಿತು. ಉತ್ತರದ ಸರೋವರಗಳಲ್ಲಿ ಬೇಸಗೆಯ ಗೋಡೆ ಬೇಗನೆ ಎದ್ದು ಹೆಚ್ಚು ಕಾಲ ನಿಲ್ಲತೊಡಗಿದೆ. ಇದರ ಪರಿಣಾಮವೇನು? ವಾಯವ್ಯ ಒಂಟೇರಿಯೋದಲ್ಲಿ ಸರೋವರಗಳನ್ನೇ ಪ್ರಯೋಗಶಾಲೆಯಾಗಿ ಮೀಸಲಿಟ್ಟ ಒಂದು ಪ್ರದೇಶವಿದೆ. ಅಲ್ಲಿ ಲೇಕ್ ಟ್ರೌಟುಗಳ ಮೈಯೊಳಗೆ ಪುಟ್ಟ ಧ್ವನಿಪ್ರೇಷಕಗಳನ್ನಿಟ್ಟು, ಹನ್ನೊಂದು ವರ್ಷ ಅವುಗಳ ಓಡಾಟವನ್ನು ಹಿಂಬಾಲಿಸಿದರು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ವಸಂತ ದೀರ್ಘವೂ ತಂಪೂ ಆಗಿದ್ದ ವರ್ಷಗಳಲ್ಲಿ ಮೀನುಗಳು ದಡದಲ್ಲಿ ಹೆಚ್ಚು ದಿನ ಮೇಯ್ದು, ದೊಡ್ಡ ಆಹಾರ ತಿಂದು, ಚೆನ್ನಾಗಿ ಬೆಳೆದವು. ವಸಂತ ಮೊಟಕಾದ ವರ್ಷಗಳಲ್ಲಿ ಅವು ಬೇಗನೆ ಆಳಕ್ಕಿಳಿದು, ನಡುನೀರಿನ ಚಿಕ್ಕಪುಟ್ಟ ಜೀವಿಗಳನ್ನು ತಿಂದು, ಮೈಗುಂದಿದವು. ದಡದ ಆ ಕೆಲವು ವಾರಗಳು ಗಾಳಗಾರನ ಹಂಗಾಮು ಮಾತ್ರವಲ್ಲ, ಮೀನಿನ ಸುಗ್ಗಿಯೂ ಹೌದು.

ಅನುಭವಿ ಗಾಳಗಾರರು ಚೀಲದಲ್ಲಿ ಕೊಕ್ಕೆಗಳ ಜೊತೆಗೆ ದಾರ ಕಟ್ಟಿದ ಒಂದು ಉಷ್ಣಮಾಪಕವನ್ನೂ ಇಟ್ಟುಕೊಳ್ಳುತ್ತಾರೆ. ದಿನವೂ ದಡದ ನೀರಿಗೆ ಅದನ್ನು ಇಳಿಬಿಟ್ಟು ನೋಡುತ್ತಾರೆ. ಪಾದರಸ ೧೩, ೧೪ ಡಿಗ್ರಿಗಳನ್ನು ದಾಟಿತೆಂದರೆ ಕೋಲನ್ನು ಮಡಿಚಿಟ್ಟು, ದೋಣಿಯಿರುವವರು ದೋಣಿಯ ಕಡೆಗೆ ನಡೆಯುತ್ತಾರೆ. ಇಲ್ಲದವರು ಮುಂದಿನ ವಸಂತಕ್ಕೆ ಕಾಯುತ್ತಾರೆ.